ಚಂದಾದಾರರು: ಒಬ್ಬರು

ಅವಳಿಗೆ ಹಲ್ಲುಗಳ ಜೊತೆ ಮಾತಾಡುವ ಚಾಳಿ. ಬಾಯೊಳಗಿನ ಹಲ್ಲುಗಳ ಜೊತೆ ಅಲ್ಲ, ತಾನೇ ಕೈಯಾರೆ ಮಾಡುವ ಹಲ್ಲುಗಳ ಜೊತೆ. ನಾಲ್ಕನೇ ಮಹಡಿಯ ಡೆಂಟಲ್ ಲ್ಯಾಬಿನಲ್ಲಿ, ಲಿಫ್ಟಿನ ಗೋಡೆಗೆ ತಾಗಿಸಿದ ಮೇಜಿನ ಮುಂದೆ ಕೂತು, ಮುಖ ಕಂಡರಿಯದ ಜನರ ಬಾಯಿಗೆ ಹಲ್ಲಿನ ಸೆಟ್ ಕಟ್ಟುವುದು ಹನ್ನೊಂದು ವರ್ಷದಿಂದ ಅವಳ ಕೆಲಸ.

"ಬಾ ಮರಿ, ಸ್ವಲ್ಪ ಸರಿದು ಕೂತ್ಕೋ. ಪಕ್ಕದವನಿಗೆ ಜಾಗ ಬೇಡ್ವಾ?" ಎನ್ನುತ್ತಾ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾಳೆ. ಹೇಳಿದ ಮಾತು ಕೇಳದ ಕೋರೆಹಲ್ಲಿಗೆ ಹಿಗ್ಗಾಮುಗ್ಗಾ ಬೈಯುತ್ತಾಳೆ. ನೆರೆಹೊರೆಯವರು ಅವಳನ್ನು ಡಾಕ್ಟರಮ್ಮ ಅನ್ನುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಈಗ ಅವಳೂ ಹೂಂ ಅಂದುಬಿಡುತ್ತಾಳೆ.

ಆ ಗುರುವಾರ ಹನ್ನೊಂದು ಗಂಟೆಯೊಳಗೆ ಆರು ಸೆಟ್ ಕ್ಲಿನಿಕ್ಕಿಗೆ ತಲುಪಬೇಕಿತ್ತು. ಟ್ರೇ ಹಿಡಿದು ಓಡಿ ಬಂದರೆ ಲಿಫ್ಟಿನ ಬಾಗಿಲು ಹಾರುಹೊಡೆದಿದೆ, ಒಳಗೆ ಕ್ಯಾಬಿನ್ ಇಲ್ಲ. ಅದು ಒಂದೂವರೆ ಮಹಡಿ ಕೆಳಗೆ ನಿಂತಿತ್ತು. ಅದರ ಮೇಲೆ ನಿಂತ ರಿಪೇರಿಯವನ ತಲೆ ಮಾತ್ರ ನೆಲದ ಮಟ್ಟದಲ್ಲಿ ಕಾಣುತ್ತಿತ್ತು.

"ರೀ, ಇನ್ನೆಷ್ಟು ಹೊತ್ತು?"

"ಹತ್ತು ನಿಮಿಷ."

"ಹೋದ ವಾರಾನೂ ಹತ್ತು ನಿಮಿಷ ಅಂದು ಮಧ್ಯಾಹ್ನ ಮಾಡಿದ್ರಿ!"

ಅವನು ತಲೆಯೆತ್ತಿ ನೋಡಿದ. ಮೊದಲು ಟ್ರೇಯಲ್ಲಿ ನಗುತ್ತಿದ್ದ ಆರು ಸೆಟ್ ಹಲ್ಲುಗಳನ್ನು, ಆಮೇಲೆ ನಗದೆ ನಿಂತಿದ್ದ ಅವಳನ್ನು. ಬೆರಳೆತ್ತಿ ತನ್ನ ಹುಬ್ಬು ಮುಟ್ಟಿಕೊಂಡು ತೋರಿಸಿದ. ಅವಳು ತನ್ನ ಹುಬ್ಬು ಒರೆಸಿಕೊಂಡಳು.

"ಇನ್ನೊಂದು," ಎಂದ ಅವನು.

ಇನ್ನೊಂದು ಹುಬ್ಬಿನಿಂದ ಪ್ಲಾಸ್ಟರಿನ ಬಿಳಿ ಪುಡಿ ಉದುರಿತು. ಅವನ ತುಟಿಯ ಒಂದು ಕೊನೆ ಮೇಲೆ ಹೋಯಿತು. ಅದನ್ನು ನಗು ಅಂತ ಕರೆಯಬೇಕೋ ಬೇಡವೋ ಎಂದು ಯೋಚಿಸುತ್ತಲೇ ಅವಳು ನಾಲ್ಕು ಮಹಡಿ ಮೆಟ್ಟಿಲಿಳಿದಳು. ಯೋಚಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಲ್ಯಾಬಿನಲ್ಲಿ ಅವನ ಹೆಸರೇ 'ಹತ್ತು ನಿಮಿಷ'. ಇಟ್ಟವಳು ಅವಳೇ. ಮೂರು ವರ್ಷದಿಂದ ಪ್ರತಿ ಗುರುವಾರ ಬರುತ್ತಿದ್ದ. ಆ ಮುದಿ ಲಿಫ್ಟಿಗೆ ವಾರಕ್ಕೊಮ್ಮೆ ಅವನ ಕೈ ಬೀಳಲೇಬೇಕಂತೆ. ಆ ಮೂರು ವರ್ಷದಲ್ಲಿ ಅವನು ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೂ ಒಂದು ಪೋಸ್ಟ್‌ಕಾರ್ಡ್ ತುಂಬುತ್ತಿರಲಿಲ್ಲ.

ಮಾತಿನ ವಿಷಯದಲ್ಲಿ ಅವಳ ಮನಸ್ಸು ಬೇರೆ ಕಡೆ ಇತ್ತು. ಅದನ್ನೂ ಹೇಳಬೇಕು.

ಮನೆಯಲ್ಲಿ ಅವಳು ಮತ್ತು ಅಮ್ಮ. ಅಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈಗ ಕಣ್ಣು ಮಂಜು, ಓದಲು ಆಗದು. ಕಿವಿ ಮಾತ್ರ ಬಲು ಚುರುಕು. ಸಂಜೆ ಆರಕ್ಕೆ ಟೀ ಕಪ್ಪು ಹಿಡಿದು ಕುರ್ಚಿಯಲ್ಲಿ ಕೂತು, "ಹೂಂ, ಟಪಾಲು ತೆಗಿ," ಅನ್ನುತ್ತಾರೆ.

ಟಪಾಲೆಂದರೆ ಫೀಡ್. ಫೋನು ತಾನಾಗಿ ತುರುಕುವ ಕಸವನ್ನು ಓದಿ ಓದಿ ಬೇಸತ್ತ ಮಗಳು ಒಂದು ದಿನ ಆ ಆ್ಯಪುಗಳನ್ನೆಲ್ಲ ಕಿತ್ತು ಹಾಕಿ, ಆರ್‌ಎಸ್‌ಎಸ್ ಫೀಡ್ ಅನ್ನುವ ಹಳೇ ಕಾಲದ ಏರ್ಪಾಟಿಗೆ ಬಂದಿದ್ದಳು. ಇಷ್ಟದ ಬ್ಲಾಗಿನ ವಿಳಾಸ ಒಮ್ಮೆ ಕೊಟ್ಟರಾಯಿತು. ಅವರು ಹೊಸದು ಬರೆದ ಕೂಡಲೇ ಅದು ಪೇಪರಿನವನು ಎಸೆದ ಪೇಪರಿನಂತೆ ಬಂದು ಬೀಳುತ್ತದೆ. ಲೈಕ್ ಇಲ್ಲ, ಗದ್ದಲ ಇಲ್ಲ, ಯಾರು ಓದಿದರೆಂದು ಬರೆದವರಿಗೆ ಗೊತ್ತೂ ಆಗುವುದಿಲ್ಲ. ಹನ್ನೊಂದು ಬ್ಲಾಗುಗಳಿದ್ದವು. ಹಡಗಿನಲ್ಲಿ ಅಡುಗೆ ಮಾಡಿ ರಿಟೈರಾದ ಒಬ್ಬ, ಪಾರಿವಾಳ ಸಾಕುವ ಒಬ್ಬ ಅಜ್ಜಿ, ಮಕ್ಕಳ ಉತ್ತರ ಪತ್ರಿಕೆ ನೋಡಿ ಗೊಣಗುವ ಗಣಿತದ ಮೇಷ್ಟ್ರು. ಮತ್ತೆ 'ಸಣ್ಣ ಸದ್ದುಗಳು'.

'ಸಣ್ಣ ಸದ್ದುಗಳು' ಬಂದ ದಿನ ಅಮ್ಮ ಎರಡನೇ ಕಪ್ ಟೀ ಕೇಳುತ್ತಿದ್ದರು. ಬರೆಯುವವನ ಹೆಸರಿಲ್ಲ, ಫೋಟೋ ಇಲ್ಲ. ಒಂದು ಬರಹಕ್ಕೆ ಒಂದು ಸದ್ದು, ಅಷ್ಟೇ. ಮನೆಗೆ ತಡವಾಗಿ ಬಂದ ಗಂಡ ಬೀಗಕ್ಕೆ ಕೀಲಿ ಹಾಕುವ ಸದ್ದು. ಹೆಂಡತಿ ತೀರಿಕೊಂಡ ಮೇಲೂ ಎರಡು ಲೋಟ ತೊಳೆದಿಡುವ ಮುದುಕನ ಅಡುಗೆಮನೆಯ ಸದ್ದು. ಇಂಥ ಕಿವಿ ಇರುವವನು ಸಂಗೀತಗಾರನೇ ಇರಬೇಕೆಂದು ಮಗಳು, ಖಂಡಿತ ರಿಟೈರ್ಡ್ ಹೆಡ್‌ಮಾಸ್ಟರ್ ಎಂದು ಅಮ್ಮ. ಎರಡು ವರ್ಷದಿಂದ ಈ ಜಗಳ ಇತ್ಯರ್ಥವಾಗಿರಲಿಲ್ಲ. ಯಾರಾದರೇನು, ಅವಳು ಆ ಮನುಷ್ಯನಿಗೆ ಮನಸ್ಸು ಕೊಟ್ಟಾಗಿತ್ತು. ಮೂವತ್ನಾಲ್ಕು ವರ್ಷದವಳಿಗೆ ಇದೇನು ಹುಚ್ಚು ಎಂದು ತಾನೇ ಬೈದುಕೊಂಡೂ ನೋಡಿದ್ದಳು. ಹಲ್ಲುಗಳಾದರೆ ಬೈದರೆ ಕೇಳುತ್ತವೆ, ಮನಸ್ಸು ಕೇಳಬೇಕಲ್ಲ.

ಸೋಮವಾರ ಸಂಜೆ ಆರಕ್ಕೆ ಫೋನು ತೆರೆದಾಗ ಹೊಸ 'ಸಣ್ಣ ಸದ್ದುಗಳು' ಬಂದಿತ್ತು. ಅವಳು ಕಾಲು ಮಡಚಿ ಕೂತು ಓದಲು ಶುರು ಮಾಡಿದಳು.

"'ಇಷ್ಟು ದಿನ ನನ್ನ ಕೆಲಸದ ಬಗ್ಗೆ ಬರೆದಿಲ್ಲ. ನಾನು ಲಿಫ್ಟ್ ರಿಪೇರಿ ಮಾಡುವವನು.'"

"ಹೆಡ್‌ಮಾಸ್ಟರ್ ಅಲ್ವಾ!" ಅಮ್ಮನಿಗೆ ಸೋತ ಬೇಜಾರು. "ಸಂಗೀತಗಾರನೂ ಅಲ್ಲ ಬಿಡು. ಓದು."

"'ಕ್ಯಾಬಿನ್ನಿನ ಮೇಲೆ ನಿಂತಾಗ ಒಂದೊಂದು ಮಹಡಿಯ ಸದ್ದೂ ಗೋಡೆ ದಾಟಿ ಬರುತ್ತದೆ. ಮೊದಲನೆಯದರಲ್ಲಿ ವಕೀಲರು ಫೋನಿನಲ್ಲಿ ಕೂಗಾಡುತ್ತಾರೆ. ಎರಡನೆಯದು ಹೊಲಿಗೆ ಮೆಷಿನ್. ಮೂರನೆಯದರಲ್ಲಿ ಟ್ಯೂಷನ್ ಮಕ್ಕಳು. ನಾಲ್ಕನೆಯದರಲ್ಲಿ ಒಬ್ಬರು ಹಲ್ಲುಗಳ ಜೊತೆ...'"

ದನಿ ಅಲ್ಲಿಗೇ ನಿಂತಿತು.

"ಯಾಕೆ ನಿಲ್ಲಿಸ್ದೆ?"

"ಗಂಟಲು ಒಣಗಿತಮ್ಮ."

"ಟೀ ಕುಡಿದು ಓದು."

ಟೀ ಇಳಿಯಲಿಲ್ಲ. ಉಳಿದದ್ದನ್ನು ಅವಳು ಕಣ್ಣಲ್ಲೇ ಓದಿದಳು, ತುಟಿ ಬಿಗಿಹಿಡಿದು.

'ಒಬ್ಬರು ಹಲ್ಲುಗಳ ಜೊತೆ ಮಾತಾಡುತ್ತಾರೆ. ಬೈಯುತ್ತಾರೆ, ಮುದ್ದು ಮಾಡುತ್ತಾರೆ, ಹೊಸ ಬಾಯಿಗೆ ಹೋಗಿ ಚೆನ್ನಾಗಿ ಬಾಳಿ ಎಂದು ಹರಸಿ ಕಳಿಸುತ್ತಾರೆ. ನನಗೆ ಇಟ್ಟ ಅಡ್ಡಹೆಸರೂ ಕೇಳಿದೆ. ಅವರ ಬಾಯಲ್ಲಿ ಅದೂ ಚೆನ್ನಾಗಿದೆ. ನಿಜ ಹೇಳಿಬಿಡುತ್ತೇನೆ, ಆ ಲಿಫ್ಟಿಗೆ ತಿಂಗಳಿಗೊಂದು ಸರ್ವಿಸ್ ಸಾಕು. ಉಳಿದ ಮೂರು ಗುರುವಾರ ನಾನು ಸುಮ್ಮನೆ ಹೋಗುವುದು. ಬರುವ ತಿಂಗಳಿಂದ ನನಗೆ ಊರಿನ ಆ ತುದಿಯ ಏರಿಯಾ ಹಾಕಿದ್ದಾರೆ. ಈ ಗುರುವಾರವೇ ಕೊನೆ. ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಅವರ ಮೇಲೆ ಪ್ರೀತಿ.'

ಎರಡು ವರ್ಷದಿಂದ ಯಾರ ಮಾತಿಗೆ ಕಾದಿದ್ದಳೋ ಅವನು ವಾರಕ್ಕೊಮ್ಮೆ ಗೋಡೆಯ ಆಚೆಗೇ ನಿಂತಿದ್ದ. ಅವಳಿಗೆ ಮೈಯೆಲ್ಲ ಬಿಸಿಯಾಯಿತು. ಖುಷಿ, ನಾಚಿಕೆ, ಗಾಬರಿ ಮೂರೂ ಒಂದೇ ಬಾಗಿಲಲ್ಲಿ ನುಗ್ಗಲು ಹೋಗಿ ಸಿಕ್ಕಿಕೊಂಡವು. ಅಯ್ಯೋ, ಆ ಗೋಡೆಯ ಪಕ್ಕ ಕೂತು ತಾನು ಏನೇನು ಹಲುಬಿದ್ದೆನೋ!

"ನಿನ್ನ ಉಸಿರು ಇಲ್ಲಿಗೆ ಕೇಳಿಸ್ತಿದೆ ಕಣೇ," ಎಂದರು ಅಮ್ಮ. "ಹಲ್ಲಿನ ಜೊತೆ ಮಾತಾಡೋರು ಊರಿಗೆ ಎಷ್ಟು ಜನ ಇರ್ತಾರೆ? ನನಗೆ ಕಣ್ಣು ಕಾಣಲ್ಲ, ತಲೆ ಸರಿಯಾಗೇ ಇದೆ. ಏನಂತೆ ಅವನದು?"

ಹೇಳಿದಳು. ಅಮ್ಮ ಕಪ್ಪು ಕೆಳಗಿಟ್ಟು ಎರಡೂ ಕೈ ಕೆನ್ನೆಗೆ ಒತ್ತಿಕೊಂಡರು. ಮಗಳು ಅದನ್ನು ಇನ್ನೊಮ್ಮೆ ನೋಡೋಣ ಎಂದು ಫೀಡಿನಿಂದ ಅವನ ಬ್ಲಾಗಿಗೇ ಹೋದಳು.

'ಈ ಪುಟ ಇಲ್ಲ' ಎಂದಿತು ಬ್ಲಾಗು.

ಮತ್ತೆ ಒತ್ತಿದಳು. ಇಲ್ಲ. ಮುಖಪುಟದಲ್ಲಿ ಕೊನೆಯ ಬರಹ ಹೋದ ತಿಂಗಳ ಕೀಲಿಕೈಯದೇ. ಐದೂ ಹತ್ತಕ್ಕೆ ಹಾಕಿದ್ದನ್ನು ಆರರೊಳಗೆ ಅಳಿಸಿದ್ದ. ಅಳಿಸಿದರೆ ಮುಗಿಯಿತು ಎಂದುಕೊಂಡಿದ್ದ, ಪಾಪ. ಫೀಡು ಅಷ್ಟರಲ್ಲಿ ಒಂದು ಪ್ರತಿ ತಂದು ಅವಳ ಮಡಿಲಿಗೆ ಹಾಕಿಯಾಗಿತ್ತು.

ಅವಳ ಮುಖ ಬಾಡಿತು. ಕಾರಣ ಇಲ್ಲದಿಲ್ಲ. ಆರು ವರ್ಷದ ಹಿಂದೆ ಒಂದು ಸಂಬಂಧ ಮಾತಾಗಿತ್ತು. ಹುಡುಗ ದಿನಾ ಫೋನು ಮಾಡಿ ಪ್ರೀತಿಯ ಮಾತಾಡಿದ್ದ. ಮದುವೆಗೆ ಇಪ್ಪತ್ತು ದಿನ ಇದ್ದಾಗ, "ಯೋಚನೆ ಮಾಡಿದೆ, ನಾನು ಹೇಳಿದ್ದೆಲ್ಲ ಮರೆತುಬಿಡಿ" ಎಂದು ಒಂದೇ ಸಾಲಿನಲ್ಲಿ ಎಲ್ಲವನ್ನೂ ವಾಪಸ್ ತೆಗೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಮಾತನ್ನೂ ವಾಪಸ್ ತೆಗೆದುಕೊಳ್ಳಬಹುದೆಂದು ಅವಳು ಅಂದು ಕಲಿತಿದ್ದಳು.

"ಅವರೂ ವಾಪಸ್ ತಗೊಂಡ್ರು ನೋಡಮ್ಮ."

"ಧೈರ್ಯ ಸಾಲದೆ ಅಳಿಸಿರ್ತಾನೆ."

"ಅಥವಾ ಬರೆದ ಮೇಲೆ ಛೆ ಅನ್ನಿಸಿರುತ್ತೆ. ಅಮ್ಮ, ಅದು ನಮಗೆ ಬರೆದದ್ದಲ್ಲ. ಅವರು ಹರಿದು ಹಾಕಿದ ಕಾಗದದ ಚೂರು ಜೋಡಿಸಿ ಓದಿದ ಹಾಗಾಯ್ತು. ಯಾವ ಮುಖ ಇಟ್ಕೊಂಡು ಕೇಳಲಿ?"

"ಇದೇ ಮುಖ ಇಟ್ಕೊಂಡು. ಗುರುವಾರ ಹೋದ್ರೆ ಅವನು ಆ ತುದಿಗೆ, ನೀನು ಈ ತುದಿಗೆ. ಆಮೇಲೆ ನಾನು ದಿನಾ ನಿನ್ನ ಈ ಉಸಿರು ಕೇಳ್ತಾ ಕೂರಬೇಕಾ?"

ಮಂಗಳವಾರ ಅವಳು ಒಬ್ಬರ ಸೆಟ್ಟಿಗೆ ಇನ್ನೊಬ್ಬರ ಬಣ್ಣದ ಹಲ್ಲು ಕೂರಿಸಿದಳು. ಬುಧವಾರ ಆ ಬರಹವನ್ನು ಫೀಡಿನಿಂದ ತಾನೂ ಅಳಿಸಿಬಿಡುವುದೇ ಮರ್ಯಾದೆ ಅಂದುಕೊಂಡಳು. ಬೆರಳು ಅದರ ಮೇಲಿಟ್ಟೂ ಇಟ್ಟಳು. ಕೊನೆಗೆ ಇನ್ನೊಂದು ಸಲ ಓದಿ, ಹಾಗೇ ಬಿಟ್ಟಳು. ಕೇಳಿ ಇಲ್ಲ ಅನ್ನಿಸಿಕೊಳ್ಳುವುದು ಮತ್ತೊಮ್ಮೆ ತಡೆದುಕೊಳ್ಳಬಹುದಾದ ನೋವಲ್ಲ. ಕೇಳದಿದ್ದರೆ ಅವನು ಹೋಗಿಯೇ ಬಿಡುತ್ತಾನೆ.

ಗುರುವಾರ ಹತ್ತೂವರೆಗೆ ಗೋಡೆಯ ಆಚೆ ಬೋಲ್ಟು ತಿರುಗಿಸುವ ಪಾನಾದ ಸದ್ದು ಕೇಳಿತು. ಮೇಣ ಬಿಸಿ ಮಾಡಿದಳು, ಹಲ್ಲು ಎತ್ತಿದಳು, ಕೂರಿಸಿದಳು. ಬಾಯಿಂದ ಒಂದು ಮಾತು ಹೊರಡಲಿಲ್ಲ. ಆ ಕಡೆ ಒಂದು ಕಿವಿ ಇದೆ ಎಂದು ಗೊತ್ತಿದ್ದ ಮೇಲೆ ಮರಿ, ಪುಟ್ಟ ಎಂದೆಲ್ಲ ಹಲ್ಲನ್ನು ಕರೆಯುವುದು ಹೇಗೆ? ಪಕ್ಕದ ಮೇಜಿನಲ್ಲಿ ಪಾಲಿಶ್ ಮಾಡುತ್ತಿದ್ದ ಹಿರಿಯಕ್ಕ, "ಏನಮ್ಮ, ಹಲ್ಲುಗಳ ಮೇಲೆ ಮುನಿಸಾ?" ಎಂದರು. ಅವಳು ತಲೆಯಾಡಿಸಿದಳಷ್ಟೇ.

ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಗೋಡೆಯ ಆಚೆಯೂ ಕೆಲಸ ನಿಂತಂತಿತ್ತು. ಆಮೇಲೆ ಲ್ಯಾಬಿನ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಮೂರು ವರ್ಷದಲ್ಲಿ ಮೊದಲ ಸಲ ಅವನು ಆ ಬಾಗಿಲಿಗೆ ಬಂದಿದ್ದ. ಕೈಯಲ್ಲಿ ಎಣ್ಣೆ ಬಟ್ಟೆ. ಅದನ್ನು ಹಿಂಡುತ್ತಾ ನಿಂತ.

"ಮೇಡಂ... ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಲ್ಲ, ಯಾಕೆ?"

"ಇವತ್ತು... ಸದ್ದೇ ಇರಲಿಲ್ಲ."

ಅಂದಮೇಲೆ ತಾನು ಏನೆಂದೆ ಎಂದು ಅವನಿಗೆ ಹೊಳೆಯಿತು. ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೊರಟೇಬಿಟ್ಟ.

ಅವಳು ಎದ್ದಳು. ಹೇಗೆ ಎದ್ದಳೋ ಅವಳಿಗೇ ತಿಳಿಯದು. ಕಾರಿಡಾರಿನಲ್ಲಿ, ಮೆಟ್ಟಿಲ ತುದಿಯಲ್ಲಿ ಅವನನ್ನು ತಡೆದಳು.

"ರೀ, ನಿಲ್ಲಿ. ನಾನು 'ಸಣ್ಣ ಸದ್ದುಗಳು' ಓದ್ತೀನಿ."

ಅವನ ಕೈಯ ಬಟ್ಟೆ ಕೆಳಗೆ ಬಿತ್ತು.

"ಸೋಮವಾರದ್ದೂ ಓದಿದೆ."

"ಅದನ್ನ... ಅಳಿಸಿದ್ನಲ್ಲ."

"ಅಷ್ಟರಲ್ಲಿ ನನ್ನ ಫೀಡಿಗೆ ಬಂದುಬಿಟ್ಟಿತ್ತು. ನಾನು ಹುಡುಕಿಕೊಂಡು ಹೋಗಿ ಓದಿದ್ದಲ್ಲ, ಆದರೂ ಓದಿದ್ದು ಓದಿದ್ದೇ, ತಪ್ಪಾಯ್ತು." "ಒಂದೇ ಒಂದು ಕೇಳ್ತೀನಿ. ಬರೆದದ್ದು ತಪ್ಪು ಅಂತ ಅಳಿಸಿದ್ರಾ, ಅನ್ನಿಸಿದ್ದೇ ತಪ್ಪು ಅಂತ ಅಳಿಸಿದ್ರಾ? ಅಷ್ಟು ಹೇಳಿ, ನಾನು ಒಳಗೆ ಹೋಗ್ತೀನಿ."

ಅವನು ಅವಳನ್ನೇ ನೋಡುತ್ತಾ, ಕನಸಿನಲ್ಲಿ ಮಾತಾಡುವವನಂತೆ, "ಫೀಡಲ್ಲಿ ಓದ್ತೀರಾ?" ಎಂದ.

"ಹೂಂ."

"ಎಷ್ಟು ದಿನದಿಂದ?"

"ಎರಡು ವರ್ಷ."

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳು ಗಾಬರಿಯಿಂದ ಎರಡು ಮೆಟ್ಟಿಲು ಇಳಿದು ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಒಬ್ಬರೇ ಇದ್ದಿದ್ದು," ಎಂದ.

"ಯಾರು?"

"ನನ್ನ ಓದೋರು." ಅವನು ಒಂದೊಂದೇ ಮಾತು ಹೆಕ್ಕಿ ಹೆಕ್ಕಿ ಮುಂದಿಟ್ಟ. "ನಿಮ್ಮ ಆ ಫೀಡಿನ ಆ್ಯಪ್... ಬರಹ ತಗೊಂಡು ಹೋಗೋಕೆ ಬಂದಾಗೆಲ್ಲ ಲೆಕ್ಕ ಹೇಳಿ ಹೋಗುತ್ತೆ. ನಿಮಗೆ ಇಷ್ಟು ಜನ ಚಂದಾದಾರರು ಅಂತ. ಹೆಸರು ಹೇಳಲ್ಲ, ಸಂಖ್ಯೆ ಮಾತ್ರ. ಎರಡು ವರ್ಷದಿಂದ ಒಂದೇ ಸಂಖ್ಯೆ. ಒಂದು. ಬೇರೆ ಯಾರೂ ಬರಲಿಲ್ಲ. ಆ ಒಬ್ಬರು ಬಿಟ್ಟೂ ಹೋಗಲಿಲ್ಲ."

"ಆಮೇಲೆ?"

"ಆ ಒಬ್ಬರಿಗೋಸ್ಕರವೇ ಬರೀತಿದ್ದೆ. ಕೆಟ್ಟದಾಗಿ ಬರೆದ ದಿನ ಎದ್ದು ನೋಡ್ತಿದ್ದೆ, ಸೊನ್ನೆ ಆಯ್ತೇನೋ ಅಂತ. ಆಗ್ತಿರಲಿಲ್ಲ. ಸೋಮವಾರ ಅದನ್ನ ಹಾಕಿದ ಮೇಲೆ ಆ ಒಬ್ಬರ ನೆನಪಾಯ್ತು. ಎರಡು ವರ್ಷ ಜೊತೆಗಿದ್ದ ಮನುಷ್ಯರಿಗೆ, ನನಗೆ ಬೇರೆ ಯಾರೋ ಇಷ್ಟ ಅಂತ ಹೀಗೆ ತಿಳಿಸೋದಾ... ಅವರಿಗೆ ನೋವಾಗುತ್ತೆ ಅಂತ... ಅಳಿಸಿದೆ."

ಎರಡನೇ ಮಹಡಿಯ ಹೊಲಿಗೆ ಮೆಷಿನ್ ಓಡುತ್ತಿತ್ತು.

"ಅಂದ್ರೆ," ಎಂದಳು ಅವಳು ನಿಧಾನವಾಗಿ, "ನನಗೆ ಬೇಜಾರಾಗುತ್ತೆ ಅಂತ ನನ್ನ ಮೇಲಿನ ಪ್ರೀತೀನ ನನ್ನಿಂದ ಮುಚ್ಚಿಟ್ರಾ?"

ಅವನು ಯೋಚಿಸಿದ. ಲಿಫ್ಟಿನ ತಂತಿ ಹಿಡಿದು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡುವವನಂತೆ ಗಂಭೀರವಾಗಿ ಯೋಚಿಸಿ, "ಹೌದು," ಎಂದ.

ಅವಳಿಗೆ ನಗು ಬಂತು. ತಡೆಯಲು ಬಾಯಿಗೆ ಕೈ ಅಡ್ಡ ಇಟ್ಟರೂ ನಿಲ್ಲಲಿಲ್ಲ. ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಕೆಳಗಿನಿಂದ ಅವಳನ್ನು ನೋಡುತ್ತಲೇ ಇದ್ದ. ಈ ಸಲ ತುಟಿಯ ಎರಡೂ ಕೊನೆ ಮೇಲೆ ಹೋದವು. ಅದು ನಗುವೇ, ಸಂಶಯವಿರಲಿಲ್ಲ. ಕಣ್ಣು ತಗ್ಗಿಸಿ, ಮತ್ತೆ ಎತ್ತಿ, ಅವಳೂ ನೋಡುತ್ತಿದ್ದಾಳೆಂದು ಕಂಡು ಮತ್ತೆ ತಗ್ಗಿಸಿದ. ಇಷ್ಟು ಉದ್ದನೆಯ ರೆಪ್ಪೆ ಇವನಿಗಿದೆ ಎಂದು ಮೂರು ವರ್ಷ ತಾನು ನೋಡಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ಸಣ್ಣ ಪಶ್ಚಾತ್ತಾಪವಾಯಿತು.

"ನಿಮ್ಮ ಲೆಕ್ಕಾನೂ ತಪ್ಪು," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಒಬ್ಬರಲ್ಲ, ಇಬ್ಬರು. ನಮ್ಮಮ್ಮಂಗೆ ಕಣ್ಣು ಕಾಣಲ್ಲ. ನಾನು ಗಟ್ಟಿಯಾಗಿ ಓದ್ತೀನಿ."

ಅವನ ಮುಖದ ಬಣ್ಣ ಇಳಿಯಿತು. "ಅಮ್ಮಾವ್ರಿಗೆ... ಸೋಮವಾರದ್ದೂ?"

"ಅರ್ಧ ಓದಿ ನಿಲ್ಲಿಸಿದೆ. ಇನ್ನರ್ಧ ಅವರೇ ಹಿಂಡಿ ತಿಳ್ಕೊಂಡ್ರು. ನೀವು ಹೆಡ್‌ಮಾಸ್ಟರ್ ಅಲ್ಲ ಅಂತ ಸ್ವಲ್ಪ ಬೇಜಾರಿದೆ, ಅಷ್ಟೇ."

ಈಗ ಅವನು ಸದ್ದು ಮಾಡಿ ನಕ್ಕ. ಆ ಸದ್ದು ಅವಳಿಗೆ ಹಿಡಿಸಿತು. ಅವಳ ಬಲಗೈ ಅವನ ಕಡೆ ಹೊರಟು ಅರ್ಧಕ್ಕೆ ನಿಂತಿತು. ಅವನು ತನ್ನ ಅಂಗೈ ನೋಡಿಕೊಂಡು, "ಎಣ್ಣೆ," ಎಂದ. "ನನ್ನದು ಪ್ಲಾಸ್ಟರ್," ಎಂದಳು. ಕೈ ಸೇರಿದವು.

"ಮನೆಗೆ ಹೋಗಿ ಅದನ್ನ ಮತ್ತೆ ಹಾಕ್ತೀನಿ," ಎಂದ ಅವನು. "ಈ ಸಲ ಅಳಿಸಲ್ಲ."

"ಬೇಡ."

ಅವನು ಬೆಚ್ಚಿದ.

"ಬರೆದದ್ದು ನನ್ನ ಹತ್ರ ಇದೆ. ಹೇಳಿ. ಬಾಯಲ್ಲಿ ಹೇಳಿ, ನಾನು ಇಲ್ಲೇ ಇದ್ದೀನಿ."

ಅವಳಿಗೆ ಅದು ಬೇಕಿತ್ತು. ಒಮ್ಮೆ ಸುಟ್ಟುಕೊಂಡವಳು. ಪರದೆಯ ಮೇಲಿನ ಅಕ್ಷರ ಇದ್ದೂ ಇಲ್ಲವಾಗುತ್ತದೆಂದು ಬಲ್ಲವಳು. ಅವನ ಕಷ್ಟ ಕಣ್ಣಿಗೆ ಕಾಣುತ್ತಿದ್ದರೂ ಅವಳು ಒಂದು ಪದದ ಸಹಾಯವನ್ನೂ ಮಾಡಲಿಲ್ಲ. ಕೆಳಗೆ ವಕೀಲರು ಯಾರಿಗೋ ಕೂಗಿದರು. ಅವನು ಅವಳ ಬೆರಳು ಬಿಗಿಯಾಗಿ ಹಿಡಿದುಕೊಂಡ.

"ನನಗೆ... ನೀವಂದ್ರೆ... ತುಂಬಾ ಪ್ರೀತಿ. ಮೂರು ವರ್ಷದಿಂದ." ಉಸಿರು ತೆಗೆದುಕೊಂಡ. ಅವಳ ಹಳೆಯ ಕಥೆ ಅವನಿಗೇನು ಗೊತ್ತು, ಆದರೂ ಅದೇ ಮಾತು ಬಂತು. "ಇದನ್ನ ನಾನು... ವಾಪಸ್ ತಗೊಳ್ಳಲ್ಲ."

ದಿನವಿಡೀ ಹಲ್ಲುಗಳ ಜೊತೆ ಬಾಯಿ ನೋಯುವಷ್ಟು ಮಾತಾಡುವವಳಿಗೆ ನಾಲಿಗೆಯೇ ಹೊರಳಲಿಲ್ಲ. ಸೋಮವಾರದಿಂದ ಯೋಚಿಸಿಟ್ಟಿದ್ದ ಚಂದದ ಮಾತುಗಳೆಲ್ಲ ಎಲ್ಲಿಗೆ ಹೋದವೋ. ಕಣ್ಣು ತುಂಬಿ ಅವನ ಮುಖ ಮಸುಕಾಯಿತು. ಒರೆಸಿಕೊಳ್ಳೋಣವೆಂದರೆ ಕೈ ಅವನ ಕೈಯಲ್ಲಿತ್ತು, ಬಿಡಿಸಿಕೊಳ್ಳಲು ಮನಸ್ಸಿರಲಿಲ್ಲ.

"ನಂಗೂ," ಎಂದಳು.